ಕಿರುನೆಲ್ಲಿ ಒಂದಲ್ಲ, ಎರಡು

ಆಶ್ವಯುಜ ಕಾರ್ತಿಕ ಮಾಸಗಳಲ್ಲಿ ನಮ್ಮ ಚೆನ್ನೈ ನಗರಕ್ಕೆ ಈಶಾನ್ಯದ ಮಳೆ ಬರುವುದು. ನಾಲ್ಕು ದಿನ ಮಳೆ ಸುರಿದು ನಿಂತಿತೆಂದರೆ ಬರಿಯ ನೆಲವೆಲ್ಲ ಹಸುರಾಗುವುದು. ಮನೆಯ ಹಿತ್ತಿಲು, ಶಾಲೆಯ ಆಟದ ಬಯಲಿನ ಅಂಚು, ಗೋಡೆಯ ಬುಡ, ರೈಲುಹಳಿಯ ಪಕ್ಕ, ಹೂಕುಂಡ ಹೀಗೆ ಮಣ್ಣಿರುವ ಕಡೆಯಲ್ಲೆಲ್ಲ ಯಾರೂ ಬಿತ್ತದ ನೂರಾರು ಪುಟ್ಟ ಗಿಡಗಳು ತಲೆಯೆತ್ತುವುವು. ಅವುಗಳನ್ನು ನಾವು ಕಳೆ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಕಳೆ ಎಂಬುದು ಗಿಡದ ಹೆಸರಲ್ಲ. ಅದು ಗಿಡದ ವಿಷಯದಲ್ಲಿ ನಮಗಿರುವ ಉದಾಸೀನದ ಹೆಸರು. ಈ ಗಿಡಗಳಲ್ಲಿ ಒಂದನ್ನು, ಅದರ ಹಾಗೆಯೇ ಕಾಣುವ ಅದರ ಬಂಧುವೊಂದನ್ನು ಬೇರೆ ಬೇರೆಯಾಗಿ ಗುರುತಿಸುವ ಬಗೆಯನ್ನು ಈ ಪಾಠದಲ್ಲಿ ನೋಡೋಣ.

ನಾವು ಆರಿಸಿಕೊಂಡಿರುವ ಗಿಡ ಕಿರುನೆಲ್ಲಿ. ಕನ್ನಡನಾಡಿನಲ್ಲಿ ಇದನ್ನು ನೆಲನೆಲ್ಲಿ ಎಂದೂ ಕರೆಯುವರು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಬರುವ ಭೂಮ್ಯಾಮಲಕಿ ಎಂಬ ಹೆಸರಿಗೂ ಇದೇ ಅರ್ಥ. ನಮ್ಮ ನೆರೆಹೊರೆಯ ತಮಿಳರು ಇದನ್ನು ಕೀೞಾನೆಲ್ಲಿ ಎನ್ನುವರು. ಈ ಹೆಸರನ್ನು ಸ್ವಲ್ಪ ಗಮನಿಸಿರಿ. ಹಳಗನ್ನಡದಲ್ಲಿ ಕೀೞ್ ಎಂದರೆ ಕೆಳಗೆ. ಆ ೞಕಾರವು ನಮ್ಮ ಬರವಣಿಗೆಯಿಂದ ಮರೆಯಾಗಿ ಹೋದರೂ ತಮಿಳಿನಲ್ಲಿ ಉಳಿದುಕೊಂಡು ಬಂದಿದೆ. ಚೆನ್ನೈಯಲ್ಲಿ ಬೆಳೆಯುವ ಕನ್ನಡ ಮಕ್ಕಳು ಅದನ್ನು ದಿನವೂ ಕೇಳುತ್ತಾರೆ. ಎಲೆಯ ಕೆಳಗಡೆ ನೆಲ್ಲಿಯಂತಹ ಕಾಯನ್ನು ಬಿಡುವ ಗಿಡವಾದುದರಿಂದ ಈ ಹೆಸರು ಬಂದಿತು. ಒಂದು ಗೇಣು ಎತ್ತರದ ಗಿಡವನ್ನು ಕಿತ್ತು ತಿರುಗಿಸಿ ನೋಡಿದರೆ ಹೆಸರು ಎಷ್ಟು ಸಾರ್ಥಕವಾದುದೆಂದು ತಿಳಿಯುವುದು: ಕಡ್ಡಿಯ ಉದ್ದಕ್ಕೂ ಎಲೆಗಳ ಮರೆಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡವಾದ ಹಸುರು ಕಾಯಿಗಳು ಸಾಲಾಗಿ ತೂಗುತ್ತಿರುವುವು.

ನೆಲ್ಲಿಯ ಹೆಸರು ಬರಿಯ ಹೋಲಿಕೆಯಿಂದ ಬಂದುದಲ್ಲ. ಉಪ್ಪಿನಕಾಯಿಗೆ ಹಾಕುವ ಬೆಟ್ಟದ ನೆಲ್ಲಿಯ ಮರವೂ ಈ ಪುಟ್ಟ ಗಿಡವೂ ಸಸ್ಯಶಾಸ್ತ್ರದ ಪ್ರಕಾರ ಹತ್ತಿರದ ನೆಂಟರು. ಎರಡನ್ನೂ ಫಿಲ್ಲಾಂಥಸ್ ಎಂಬ ಜಾತಿಯಲ್ಲಿ ಸೇರಿಸುವುದು ರೂಢಿ. ಗ್ರೀಕ್ ಭಾಷೆಯಲ್ಲಿ ಫಿಲ್ಲಾನ್ ಎಂದರೆ ಎಲೆ, ಆಂಥಾಸ್ ಎಂದರೆ ಹೂ. ಎಲೆಯ ಮೇಲೆಯೇ ಹೂ ಬಿಟ್ಟಂತೆ ಕಾಣುವುದರಿಂದ ಈ ಹೆಸರು. ಮೊದಲು ಇದನ್ನು ಹರಳಿನ ಕುಟುಂಬಕ್ಕೆ ಸೇರಿಸುತ್ತಿದ್ದರು. ಈಗ ಫಿಲ್ಲಾಂಥೇಸೀ ಎಂಬ ಪ್ರತ್ಯೇಕ ಕುಟುಂಬವನ್ನೇ ಮಾಡಿದ್ದಾರೆ.

ನಾವು ಬೇರ್ಪಡಿಸಬೇಕಾದ ಪ್ರಭೇದಗಳು ಎರಡು. ಒಂದು ಫಿಲ್ಲಾಂಥಸ್ ಅಮಾರಸ್. ಅಮಾರಸ್ ಎಂದರೆ ಕಹಿಯಾದದ್ದು. ಇದನ್ನು ಈ ಪಾಠದಲ್ಲಿ ಹಸುರು ಕಿರುನೆಲ್ಲಿ ಎಂದು ಕರೆಯೋಣ. ಮತ್ತೊಂದು ಫಿಲ್ಲಾಂಥಸ್ ಯೂರಿನೇರಿಯ. ಇದನ್ನು ಕೆಂಪು ಕಿರುನೆಲ್ಲಿ ಎಂದು ಕರೆಯೋಣ. ಎರಡೂ ಒಂದೇ ಬಗೆಯ ನೆಲದಲ್ಲಿ, ಕೆಲವೊಮ್ಮೆ ಒಂದರ ಪಕ್ಕದಲ್ಲಿ ಒಂದು ಬೆಳೆಯುವುವು. ಎರಡೂ ಒಂದು ವರ್ಷದೊಳಗೆ ಬಾಳು ಮುಗಿಸುವ ಗಿಡಗಳು. ದೂರದಿಂದ ನೋಡಿದವರಿಗೆ ಎರಡೂ ಒಂದೇ.

ಮೊದಲು ಎರಡಕ್ಕೂ ಸಮಾನವಾದುದನ್ನು ತಿಳಿದುಕೊಳ್ಳೋಣ

ಭೇದವನ್ನು ಅರಿಯಬೇಕಾದರೆ ಮೊದಲು ಸಾಮ್ಯವನ್ನು ಅರಿಯಬೇಕು. ಕಿರುನೆಲ್ಲಿಯ ನಟ್ಟನೆಯ ಕಾಂಡದ ಮೇಲೆ ಅಕ್ಕಪಕ್ಕಕ್ಕೆ ಚಾಚಿದ ಕಡ್ಡಿಗಳಿರುವುವು. ಪ್ರತಿಯೊಂದು ಕಡ್ಡಿಯ ಎರಡು ಮಗ್ಗುಲಲ್ಲಿಯೂ ಪುಟ್ಟ ಎಲೆಗಳು ಸಾಲಾಗಿ ಜೋಡಿಸಿಟ್ಟಂತೆ ಇರುವುವು. ನೋಡಿದ ಕೂಡಲೇ ಇದು ಹುಣಿಸೆಯ ಎಲೆಯಂತೆ ಒಂದು ಸಂಯುಕ್ತ ಪತ್ರವೆಂದೇ ಎಲ್ಲರೂ ತಿಳಿಯುವರು. ಆದರೆ ಅದು ಸರಿಯಲ್ಲ. ಸಂಯುಕ್ತ ಪತ್ರದ ಕಿರುದಳಗಳ ಕಂಕುಳಲ್ಲಿ ಎಂದಿಗೂ ಮೊಗ್ಗು ಹುಟ್ಟುವುದಿಲ್ಲ. ಮೊಗ್ಗು ಹುಟ್ಟುವುದು ಇಡಿಯ ಎಲೆಯ ಕಂಕುಳಲ್ಲಿ ಮಾತ್ರ. ಕಿರುನೆಲ್ಲಿಯಲ್ಲಿಯಾದರೋ ಒಂದೊಂದು ಪುಟ್ಟ ಎಲೆಯ ಕಂಕುಳಲ್ಲಿಯೂ ಹೂ ಬಿಡುವುದು, ಕಾಯಿ ಕಟ್ಟುವುದು. ಆದ್ದರಿಂದ ಆ ಪುಟ್ಟ ಎಲೆ ಕಿರುದಳವಲ್ಲ, ಪೂರ್ಣವಾದ ಒಂದು ಸರಳ ಪತ್ರ. ಅವುಗಳನ್ನು ಹೊತ್ತ ಕಡ್ಡಿ ಎಲೆಯ ದಂಟಲ್ಲ, ಒಂದು ಕೊಂಬೆ. ನಟ್ಟನೆಯ ಕಾಂಡದ ಮೇಲೆ ಹಸುರೆಲೆಗಳಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿವೆ. ಗಿಡ ಮುದಿಯಾದಾಗ ಈ ಕೊಂಬೆಗಳು ಎಲೆಗಳಂತೆಯೇ ಕಳಚಿ ಬೀಳುವುವು.

ಹೂಗಳು ತೀರ ಸಣ್ಣವು. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಆದರೆ ಎರಡೂ ಒಂದೇ ಗಿಡದಲ್ಲಿ ಇರುವುವು. ಬಣ್ಣದ ದಳಗಳಿಲ್ಲ. ಹಸುರು ಮಿಶ್ರಿತ ಬಿಳಿಯ ಪುಷ್ಪಪತ್ರಗಳು ಮಾತ್ರ ಉಂಟು. ಗಂಡು ಹೂವಿನಲ್ಲಿ ಮೂರು ಕೇಸರಗಳು. ಹೆಣ್ಣು ಹೂ ಫಲಿತು ಮೂರು ಕೋಣೆಗಳ ಗುಂಡಗಿನ ಕಾಯಾಗುವುದು. ಕೋಣೆಗೆ ಎರಡರಂತೆ ಕಾಯಿಗೆ ಆರು ಬೀಜ. ಕಾಯಿ ಬಲಿತು ಒಣಗಿದಾಗ ಸಿಡಿದು ಬೀಜಗಳನ್ನು ಚೆಲ್ಲುವುದು. ಒಂದು ಗಿಡ ಬೆಳೆದ ಕಡೆಯಲ್ಲಿ ಮರು ಮಳೆಗೆ ಹತ್ತಾರು ಗಿಡಗಳು ಏಳುವುದಕ್ಕೆ ಇದೇ ಕಾರಣ.

ಇನ್ನು ಭೇದಗಳು

ಒಂದು ಭೂತಕನ್ನಡಿ, ಒಂದು ಬಿಳಿಯ ಕಾಗದ, ಒಂದು ಸೂಜಿ ಇಷ್ಟಿದ್ದರೆ ಸಾಕು. ಎರಡು ಗಿಡಗಳನ್ನೂ ಬೇರುಸಹಿತ ಕಿತ್ತು ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ಒಂದೊಂದು ಅಂಗವನ್ನೂ ಕ್ರಮವಾಗಿ ಹೋಲಿಸಿರಿ.

ಮೊದಲನೆಯದು ಕಾಂಡ. ಹಸುರು ಕಿರುನೆಲ್ಲಿಯ ಕಾಂಡ ಗುಂಡಗೆ, ನುಣ್ಣಗೆ, ಸಾಮಾನ್ಯವಾಗಿ ಹಸುರಾಗಿರುವುದು. ಕೆಂಪು ಕಿರುನೆಲ್ಲಿಯ ಕಾಂಡ ಮತ್ತು ಕೊಂಬೆಗಳಲ್ಲಿ ಕೆಂಪು ಛಾಯೆ ಉಂಟು; ಕೊಂಬೆಗಳ ಅಂಚಿನಲ್ಲಿ ಸಣ್ಣ ಏಣುಗಳು ರೆಕ್ಕೆಯಂತೆ ಎದ್ದಿರುವುವು. ಕೊಂಬೆಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಒಂದು ಸಲೀಸಾಗಿ ಉರುಳುವುದು, ಇನ್ನೊಂದು ತಡೆದು ತಡೆದು ಉರುಳುವುದು.

ಎರಡನೆಯದು ಎಲೆ. ಎರಡರ ಎಲೆಯೂ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಉದ್ದ. ಹಸುರು ಕಿರುನೆಲ್ಲಿಯ ಎಲೆಯ ತುದಿ ಮೊಂಡು, ಅಂಚು ನುಣುಪು. ಕೆಂಪು ಕಿರುನೆಲ್ಲಿಯ ಎಲೆ ಸಾಮಾನ್ಯವಾಗಿ ಕೊಂಚ ನೀಳ. ತುದಿಯಲ್ಲಿ ಚಿಕ್ಕದೊಂದು ಮೊನೆ ಇರುವುದುಂಟು. ಅದನ್ನು ತಿರುಗಿಸಿ ಭೂತಕನ್ನಡಿಯಲ್ಲಿ ಅಂಚನ್ನು ನೋಡಿದರೆ ಗಿಡ್ಡವಾದ ಬಿರುಗೂದಲುಗಳ ಸಾಲು ಕಾಣುವುದು.

ಮೂರನೆಯದು ಹೂವಿನ ಲೆಕ್ಕ. ಹಸುರು ಕಿರುನೆಲ್ಲಿಯ ಹೂವಿಗೆ ಪುಷ್ಪಪತ್ರಗಳು ಐದು. ಕೆಂಪು ಕಿರುನೆಲ್ಲಿಯ ಹೂವಿಗೆ ಆರು. ಸೂಜಿಯ ತುದಿಯಿಂದ ಒಂದೊಂದಾಗಿ ಬಿಡಿಸುತ್ತ ಎಣಿಸಬೇಕು. ಒಂದೇ ಹೂವನ್ನು ಎಣಿಸಿ ತೀರ್ಮಾನಿಸದೆ ನಾಲ್ಕಾರು ಹೂಗಳನ್ನು ಎಣಿಸುವುದು ಒಳ್ಳೆಯದು.

ನಾಲ್ಕನೆಯದು ಹೂಗಳು ಕುಳಿತ ಸ್ಥಾನ. ಹಸುರು ಕಿರುನೆಲ್ಲಿಯ ಕೊಂಬೆಯ ಹೆಚ್ಚಿನ ಕಂಕುಳುಗಳಲ್ಲಿ ಒಂದು ಗಂಡು ಹೂವೂ ಒಂದು ಹೆಣ್ಣು ಹೂವೂ ಜೊತೆಯಾಗಿ ಇರುವುವು. ಕೆಂಪು ಕಿರುನೆಲ್ಲಿಯಲ್ಲಿ ಹಾಗಲ್ಲ: ಹೆಣ್ಣು ಹೂಗಳು ಕೊಂಬೆಯ ಬುಡದ ಕಡೆಗೆ ಒಂಟಿಯಾಗಿಯೂ, ಗಂಡು ಹೂಗಳು ತುದಿಯ ಕಡೆಗೆ ಗುಂಪಾಗಿಯೂ ಇರುವುವು.

ಐದನೆಯದು ಕಾಯಿ. ಇದು ಬರಿಗಣ್ಣಿಗೇ ಕಾಣುವ, ಎಲ್ಲಕ್ಕಿಂತ ಸುಲಭವಾದ ಗುರುತು. ಹಸುರು ಕಿರುನೆಲ್ಲಿಯ ಕಾಯಿಗೆ ಸ್ಪಷ್ಟವಾದ ತೊಟ್ಟು ಉಂಟು. ಕಾಯಿ ನುಣುಪಾಗಿದ್ದು ತೊಟ್ಟಿನಿಂದ ಜೋಲುವುದು. ಕೆಂಪು ಕಿರುನೆಲ್ಲಿಯ ಕಾಯಿಗೆ ತೊಟ್ಟು ಇಲ್ಲವೆಂದೇ ಹೇಳಬೇಕು. ಅದು ಕೊಂಬೆಗೆ ಅಂಟಿಕೊಂಡಂತೆ ಕುಳಿತಿರುವುದು. ಅದರ ಮೈ ಹಾಗಲಕಾಯಿಯ ಮೈಯಂತೆ ಗಂಟುಗಂಟಾಗಿದ್ದು ಅನೇಕ ವೇಳೆ ಕೆಂಪು ಮಚ್ಚೆಗಳಿಂದ ಕೂಡಿರುವುದು.

ಆರನೆಯದು ಬೀಜ. ಬಲಿತ ಕಾಯನ್ನು ಕಾಗದದ ಮೇಲೆ ಒಡೆದು ಬೀಜಗಳನ್ನು ಭೂತಕನ್ನಡಿಯಲ್ಲಿ ನೋಡಿರಿ. ಒಂದು ಮಿಲಿಮೀಟರಿನಷ್ಟು ಉದ್ದದ ಈ ಬೀಜ ಕಿತ್ತಿಳೆಯ ತೊಳೆಯ ಆಕಾರದ್ದು. ಹಸುರು ಕಿರುನೆಲ್ಲಿಯ ಬೀಜದ ಬೆನ್ನ ಮೇಲೆ ಐದಾರು ಏಣುಗಳು ತಲೆಯಿಂದ ಬುಡಕ್ಕೆ ಉದ್ದುದ್ದವಾಗಿ ಹರಿದಿರುವುವು. ಕೆಂಪು ಕಿರುನೆಲ್ಲಿಯ ಬೀಜದ ಮೇಲೆ ಹನ್ನೆರಡರಿಂದ ಹದಿನೈದು ಏಣುಗಳು ಮೆಟ್ಟಿಲುಗಳಂತೆ ಅಡ್ಡಡ್ಡವಾಗಿರುವುವು. ಒಂದು ಗದ್ದೆಯನ್ನು ಉದ್ದಕ್ಕೆ ಉತ್ತಂತೆ, ಇನ್ನೊಂದನ್ನು ಅಡ್ಡಕ್ಕೆ ಉತ್ತಂತೆ ಎಂದು ನೆನಪಿಟ್ಟುಕೊಳ್ಳಬಹುದು.

ಯಾವ ಗುರುತನ್ನು ಎಷ್ಟು ನಂಬಬೇಕು?

ಇಲ್ಲಿ ಒಂದು ಮುಖ್ಯವಾದ ಮಾತು. ಗುರುತುಗಳೆಲ್ಲ ಒಂದೇ ಬೆಲೆಯವಲ್ಲ. ಬಣ್ಣ ಬೇಗ ಕಣ್ಣಿಗೆ ಬೀಳುವುದು, ಬೇಗ ಮೋಸವನ್ನೂ ಮಾಡುವುದು. ಉರಿಬಿಸಿಲಿನಲ್ಲಿ ಬೆಳೆದ ಹಸುರು ಕಿರುನೆಲ್ಲಿಯ ಬುಡ ಕೆಂಪೇರಬಹುದು. ನೆರಳಿನಲ್ಲಿ ಬೆಳೆದ ಕೆಂಪು ಕಿರುನೆಲ್ಲಿಯ ಕೆಂಪು ಮಸುಕಾಗಬಹುದು. ಗಿಡದ ಎತ್ತರ, ಎಲೆಯ ಗಾತ್ರ ಇವು ನೀರು ಗೊಬ್ಬರಗಳಿಗೆ ಅಧೀನ. ಕಾಯಿಯ ತೊಟ್ಟು, ಕಾಯಿಯ ಮೈ, ಬೀಜದ ಏಣು ಇವಾದರೋ ಬಿಸಿಲು ನೆರಳುಗಳಿಗೆ ಬಗ್ಗುವುವಲ್ಲ. ಆದುದರಿಂದಲೇ ಸಸ್ಯಶಾಸ್ತ್ರಜ್ಞರು ಗಿಡದ ಬಣ್ಣಕ್ಕಿಂತ ಹೂ, ಕಾಯಿ, ಬೀಜಗಳನ್ನು ಹೆಚ್ಚು ನಂಬುವರು. ಆ ಗುರುತುಗಳಲ್ಲಿಯೂ ಒಂದನ್ನೇ ಹಿಡಿದುಕೊಳ್ಳದೆ ಮೂರು ನಾಲ್ಕು ಒಂದೇ ಕಡೆಗೆ ಬೆರಳು ತೋರಿಸಿದಾಗ ಮಾತ್ರ ನಿರ್ಧರಿಸುವರು.

ಇನ್ನೊಂದು ಎಚ್ಚರಿಕೆಯೂ ಬೇಕು. ಈ ಎರಡರಲ್ಲಿ ಇದಲ್ಲದಿದ್ದರೆ ಅದೇ ಎಂದು ತಿಳಿಯಬಾರದು. ನಮ್ಮ ಕಡೆ ಫಿಲ್ಲಾಂಥಸ್ ಡೆಬಿಲಿಸ್ ಎಂಬ ಮೂರನೆಯದೊಂದು ಉಂಟು. ಅದರ ಕಾಯಿ ಹಸುರು ಕಿರುನೆಲ್ಲಿಯದರಂತೆ ನುಣುಪು. ಆದರೆ ಪುಷ್ಪಪತ್ರಗಳು ಆರು, ಎಲೆ ಎರಡು ತುದಿಗಳಲ್ಲಿಯೂ ಚೂಪಾಗಿರುವುದು. ನಾಲ್ಕನೆಯದಕ್ಕೆ ನಮ್ಮ ಊರಿನ ಹೆಸರೇ ಇದೆ: ಫಿಲ್ಲಾಂಥಸ್ ಮದರಾಸ್‌ಪಟೆನ್ಸಿಸ್. ಮದರಾಸಪಟ್ಟಣದ್ದು ಎಂದು ಇದರ ಅರ್ಥ. ೧೭೫೩ರಲ್ಲಿ ಸ್ವೀಡನ್ನಿನ ಲಿನೇಯಸ್ ಪಂಡಿತನು ಈ ಹೆಸರನ್ನು ಕೊಟ್ಟನು. ಹದಿನೇಳನೆಯ ಶತಮಾನದ ಕೊನೆಯಲ್ಲಿಯೇ ಸೇಂಟ್ ಜಾರ್ಜ್ ಕೋಟೆಯ ವೈದ್ಯರಾದ ಸ್ಯಾಮ್ಯುಯಲ್ ಬ್ರೌನ್, ಎಡ್ವರ್ಡ್ ಬಲ್ಕ್‌ಲೀ ಎಂಬವರು ಈ ಊರಿನ ಸುತ್ತಲಿನ ಗಿಡಗಳನ್ನು ಒಣಗಿಸಿ ಲಂಡನ್ನಿಗೆ ಕಳುಹಿಸುತ್ತಿದ್ದರು. ಹಾಗೆ ನಮ್ಮ ಊರಿನ ಹಳೆಯ ಹೆಸರು ಗಿಡಗಳ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಈ ನಾಲ್ಕನೆಯ ಗಿಡದ ಎಲೆ ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ಅಗಲವಾಗಿ ಬೆಣೆಯಂತಿರುವುದು. ನಟ್ಟನೆಯ ಕಾಂಡದ ಮೇಲೆಯೂ ಹಸುರೆಲೆಗಳಿರುವುವು. ಆದ್ದರಿಂದ ಇದನ್ನು ಬೇರ್ಪಡಿಸುವುದು ಕಷ್ಟವಲ್ಲ.

ಹೆಸರಿನ ಗೊಂದಲ

ಇಷ್ಟು ಸಣ್ಣ ಗಿಡಗಳ ಭೇದಕ್ಕೆ ಇಷ್ಟು ಶ್ರಮವೇಕೆ ಎಂದು ನೀವು ಕೇಳಬಹುದು. ಉತ್ತರ ಮುಂದೆ ಇದೆ.

ಮಲಬಾರಿನ ವೈದ್ಯರಿಗೆ ಈ ಭೇದ ಬಹು ಹಿಂದೆಯೇ ಗೊತ್ತಿತ್ತು. ಕೊಚ್ಚಿಯ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬವನು ಇಟ್ಟಿ ಅಚ್ಯುತನ್ ಎಂಬ ಮಲಯಾಳದ ವೈದ್ಯನ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರ ನೆರವಿನಿಂದ ಹನ್ನೆರಡು ಸಂಪುಟಗಳ ಸಸ್ಯಗ್ರಂಥವೊಂದನ್ನು ಸಿದ್ಧಪಡಿಸಿದನು. ಅದು ೧೬೭೮ರಿಂದ ೧೬೯೩ರವರೆಗೆ ಅಚ್ಚಾಯಿತು. ಅದರ ಹತ್ತನೆಯ ಸಂಪುಟದಲ್ಲಿ ಕೀೞಾನೆಲ್ಲಿ ಮತ್ತು ಚೆರುಕೀೞಾನೆಲ್ಲಿ ಎಂದು ಎರಡು ಗಿಡಗಳ ಚಿತ್ರಗಳು ಬೇರೆ ಬೇರೆಯಾಗಿ ಇವೆ. ಎರಡನೆಯದು ನಮ್ಮ ಕೆಂಪು ಕಿರುನೆಲ್ಲಿ.

ಆದರೆ ಲ್ಯಾಟಿನ್ ಹೆಸರಿನಲ್ಲಿ ಗೊಂದಲ ಉಂಟಾಯಿತು. ಲಿನೇಯಸನು ಫಿಲ್ಲಾಂಥಸ್ ನಿರೂರಿ ಎಂಬ ಹೆಸರನ್ನು ಕೊಟ್ಟಿದ್ದನು. ನಮ್ಮ ದೇಶದ ಹಸುರು ಕಿರುನೆಲ್ಲಿಗೂ ಅದರ ಹತ್ತಿರದ ಬಂಧುಗಳಿಗೂ ಆ ಒಂದೇ ಹೆಸರನ್ನು ಇಲ್ಲಿಯ ಗ್ರಂಥಗಳು ದೀರ್ಘಕಾಲ ಬಳಸಿದುವು. ೧೯೫೦ರ ದಶಕದಲ್ಲಿ ಅಮೆರಿಕದ ಗ್ರೇಡಿ ವೆಬ್‌ಸ್ಟರ್ ಎಂಬ ವಿದ್ವಾಂಸರು ಈ ಗುಂಪನ್ನು ಕೂಲಂಕಷವಾಗಿ ಪರೀಕ್ಷಿಸಿ, ನಿಜವಾದ ನಿರೂರಿ ಅಮೆರಿಕ ಖಂಡದ ಗಿಡವೆಂದೂ, ಭಾರತದಲ್ಲಿ ಆ ಹೆಸರಿನಿಂದ ಕರೆಯುತ್ತಿದ್ದುವು ಅಮಾರಸ್, ಡೆಬಿಲಿಸ್, ಫ್ರಾಟರ್ನಸ್ ಎಂಬ ಬೇರೆ ಪ್ರಭೇದಗಳೆಂದೂ ತೋರಿಸಿಕೊಟ್ಟರು. ಅಮಾರಸ್ ಸಹ ಮೂಲತಃ ಅಮೆರಿಕದಿಂದ ಬಂದು ಹರಡಿದುದೆಂದು ಅವರ ಅಭಿಪ್ರಾಯ. ಹಾಗಾದರೆ ನಮ್ಮ ಪ್ರಾಚೀನ ಗ್ರಂಥಗಳ ಭೂಮ್ಯಾಮಲಕಿ ಇವುಗಳಲ್ಲಿ ಯಾವುದು? ಇದು ದೊಡ್ಡವರೂ ಯೋಚಿಸಬೇಕಾದ ಪ್ರಶ್ನೆ.

ಔಷಧದ ಮಾತು

ಕಾಮಾಲೆಗೆ ಕಿರುನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿಯೋ ಹಾಲಿನಲ್ಲಿಯೋ ಕೊಡುವ ವಾಡಿಕೆ ಕನ್ನಡನಾಡಿನಲ್ಲಿಯೂ ತಮಿಳುನಾಡಿನಲ್ಲಿಯೂ ಉಂಟು. ಈ ವಾಡಿಕೆಯನ್ನು ವಿಜ್ಞಾನದ ಒರೆಗೆ ಹಚ್ಚಿದ ಪ್ರಸಿದ್ಧ ಪ್ರಯೋಗ ನಡೆದುದು ಇದೇ ಊರಿನಲ್ಲಿ. ಹೆಪಟೈಟಿಸ್ ಬಿ ಎಂಬುದು ಯಕೃತ್ತನ್ನು ಕೆಡಿಸುವ ಒಂದು ವೈರಸಿನ ರೋಗ. ಅದರ ಗುರುತನ್ನು ಕಂಡುಹಿಡಿದು ೧೯೭೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು ಬರೂಚ್ ಬ್ಲಂಬರ್ಗ್. ಮದರಾಸಿನ ಎಸ್. ಪಿ. ತ್ಯಾಗರಾಜನ್ ಅವರೂ ಬ್ಲಂಬರ್ಗ್ ಮೊದಲಾದವರೂ ಸೇರಿ, ಆ ವೈರಸನ್ನು ರಕ್ತದಲ್ಲಿ ಹೊತ್ತವರಿಗೆ ಕಿರುನೆಲ್ಲಿಯ ಪುಡಿಯನ್ನು ಮೂವತ್ತು ದಿನ ಕೊಟ್ಟು ಪರೀಕ್ಷಿಸಿ, ೧೯೮೮ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ಪುಡಿಯನ್ನು ಪಡೆದ ೩೭ ಜನರಲ್ಲಿ ೨೨ ಜನರ ರಕ್ತದಲ್ಲಿ ರೋಗದ ಗುರುತು ಕಾಣದಾಯಿತು. ಹೋಲಿಕೆಗಾಗಿ ಹುಸಿಮದ್ದನ್ನು ಪಡೆದ ೨೩ ಜನರಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಯಿತು.

ಗಮನಿಸಬೇಕಾದುದೇನೆಂದರೆ, ಇದೇ ಸಂಶೋಧನೆಗೆ ಸಂಬಂಧಿಸಿ ೧೯೮೭ರಲ್ಲಿ ಪ್ರಕಟವಾದ ಲೇಖನದಲ್ಲಿ ಗಿಡದ ಹೆಸರು ನಿರೂರಿ ಎಂದಿತ್ತು. ೧೯೮೮ರಲ್ಲಿ ಅಮಾರಸ್ ಎಂದಾಯಿತು. ಮುಂದೆ ಬೇರೆ ಕಡೆಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಮದರಾಸಿನ ಫಲ ಮರಳಿ ದೊರೆಯಲಿಲ್ಲ. ಆಗ ಎದ್ದ ಪ್ರಶ್ನೆಗಳಲ್ಲಿ ಒಂದು ಇದು: ಎಲ್ಲರೂ ಪರೀಕ್ಷಿಸಿದುದು ಒಂದೇ ಗಿಡವನ್ನೇ? ಗಿಡದ ಸಾರಗಳು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುವುವು. ಅಮಾರಸ್‌ನಲ್ಲಿ ವಿಶೇಷವಾಗಿರುವ ಫಿಲ್ಲಾಂಥಿನ್ ಎಂಬ ವಸ್ತು ಅದರ ಎಲ್ಲ ಬಂಧುಗಳಲ್ಲಿಯೂ ಅಷ್ಟೇ ಇರುವುದಿಲ್ಲ. ಗಿಡ ಯಾವುದೆಂದು ಖಚಿತವಾಗದಿದ್ದರೆ ಪ್ರಯೋಗ ಗೆದ್ದಿತೋ ಸೋತಿತೋ ಹೇಳುವುದು ಹೇಗೆ? ೨೦೧೧ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದವರು, ಕಿರುನೆಲ್ಲಿಯಿಂದ ಈ ರೋಗ ಗುಣವಾಗುವುದೆಂಬುದಕ್ಕೆ ದೃಢವಾದ ಪ್ರಮಾಣ ಸಾಲದೆಂದು ಹೇಳಿದರು.

ಅಂಗಡಿಯ ಸ್ಥಿತಿಯನ್ನೂ ನೋಡೋಣ. ಪಾರ್ಕ್ ಟೌನಿನ ರಾಸಪ್ಪ ಚೆಟ್ಟಿ ಬೀದಿಯಂತಹ ಕಡೆಗಳಲ್ಲಿ ನಾಟಿಮದ್ದಿನ ಅಂಗಡಿಗಳಿವೆ. ಬೆಂಗಳೂರು ಮೈಸೂರುಗಳಲ್ಲಿ ನಾವು ಇವನ್ನು ಗ್ರಂಧಿಗೆ ಅಂಗಡಿ ಎನ್ನುವೆವು. ಇಂತಹ ಅಂಗಡಿಗಳಲ್ಲಿ ಕಿರುನೆಲ್ಲಿ ದೊರೆಯುವುದು ಒಣಗಿಸಿದ ಗಿಡವಾಗಿ ಇಲ್ಲವೆ ಪುಡಿಯಾಗಿ. ಬೆಂಗಳೂರಿನ ವಿಜ್ಞಾನಿಗಳು ದಕ್ಷಿಣ ಭಾರತದ ೨೫ ಅಂಗಡಿಗಳಿಂದ ಕಿರುನೆಲ್ಲಿಯನ್ನು ತರಿಸಿ ಪರೀಕ್ಷಿಸಿ ೨೦೧೦ರಲ್ಲಿ ವರದಿ ಮಾಡಿದರು. ನೂರಕ್ಕೆ ೭೬ರಷ್ಟು ಮಾದರಿಗಳಲ್ಲಿ ಹೆಚ್ಚುಕಡಿಮೆ ಅಮಾರಸ್ ಒಂದೇ ಇತ್ತು. ಉಳಿದ ೨೪ರಷ್ಟರಲ್ಲಿ ಬೇರೆ ಐದು ಪ್ರಭೇದಗಳು ಕಂಡುಬಂದುವು. ಕೆಂಪು ಕಿರುನೆಲ್ಲಿಯೂ ಮದರಾಸ್‌ಪಟೆನ್ಸಿಸ್ ಕೂಡ ಅವುಗಳಲ್ಲಿ ಇದ್ದುವು. ಇದರಲ್ಲಿ ವಂಚನೆಯೇ ಇರಬೇಕೆಂದಿಲ್ಲ. ಹೊಲದ ಬದುವಿನಲ್ಲಿ ಎಲ್ಲವೂ ಬೆರೆತು ಬೆಳೆಯುವಾಗ, ಬುಟ್ಟಿಯಲ್ಲಿಯೂ ಬೆರೆತು ಬರುವುದು ಸಹಜ. ಒಣಗಿದ ಕಟ್ಟಿನಲ್ಲಿ ಎಲೆ ಉದುರಿಹೋಗಿರುವುದು, ಬಣ್ಣ ಮಾಸಿರುವುದು. ಆಗಲೂ ಉಳಿಯುವ ಸಾಕ್ಷಿ ಕಾಯಿ ಮತ್ತು ಬೀಜ. ಪುಡಿಮಾಡಿದ ಮೇಲೆ ಅದೂ ಇಲ್ಲ.

ಆದ್ದರಿಂದ ವಿದ್ಯಾರ್ಥಿಗಳು ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಗಿಡವನ್ನು ಗುರುತಿಸಲು ಕಲಿತ ಮಾತ್ರಕ್ಕೆ ಮದ್ದು ಕೊಡಲು ಕಲಿತಂತಲ್ಲ. ಕಾಮಾಲೆ ಎಂಬುದು ಅನೇಕ ರೋಗಗಳ ಹೊರಗಣ ಚಿಹ್ನೆ. ಕಣ್ಣು ಹಳದಿಯಾದವರನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಹೆಪಟೈಟಿಸ್ ಬಿ ರೋಗ ಬಾರದಂತೆ ತಡೆಯಲು ಈಗ ಲಸಿಕೆಯೂ ಉಂಟು.

ಸಾರಾಂಶ

ಹಸುರು ಕಿರುನೆಲ್ಲಿ: ಕೊಂಬೆ ನುಣುಪು, ಪುಷ್ಪಪತ್ರ ಐದು, ಗಂಡು ಹೆಣ್ಣು ಹೂಗಳು ಜೊತೆಯಾಗಿ, ಕಾಯಿಗೆ ತೊಟ್ಟುಂಟು, ಮೈ ನುಣುಪು, ಬೀಜದ ಏಣು ಉದ್ದುದ್ದ.

ಕೆಂಪು ಕಿರುನೆಲ್ಲಿ: ಕೊಂಬೆಗೆ ಏಣುಂಟು, ಪುಷ್ಪಪತ್ರ ಆರು, ಹೆಣ್ಣು ಹೂ ಬುಡಕ್ಕೆ, ಗಂಡು ಹೂ ತುದಿಗೆ, ಕಾಯಿಗೆ ತೊಟ್ಟಿಲ್ಲ, ಮೈ ಗಂಟುಗಂಟು, ಬೀಜದ ಏಣು ಅಡ್ಡಡ್ಡ.

ಮಾಡಿ ನೋಡಿರಿ

೧. ಮಳೆಗಾಲದಲ್ಲಿ ನಿಮ್ಮ ಮನೆಯ ಸುತ್ತಲಿನ ಕಿರುನೆಲ್ಲಿಯ ಹತ್ತು ಗಿಡಗಳನ್ನು ಪರೀಕ್ಷಿಸಿ, ಹಸುರು ಎಷ್ಟು, ಕೆಂಪು ಎಷ್ಟು, ಎರಡೂ ಅಲ್ಲದುವು ಎಷ್ಟು ಎಂದು ಬರೆದಿಡಿರಿ. ನಿರ್ಧಾರಕ್ಕೆ ಬಾರದ ಗಿಡವಿದ್ದರೆ ಹಾಗೆಂದೇ ಬರೆಯಿರಿ, ಊಹಿಸಿ ಹೆಸರಿಡಬೇಡಿರಿ.

೨. ಒಂದೊಂದು ಗಿಡವನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಇಟ್ಟು, ಮೇಲೆ ಭಾರವಿರಿಸಿ, ಕಾಗದವನ್ನು ದಿನವೂ ಬದಲಾಯಿಸುತ್ತ ಒಣಗಿಸಿರಿ. ಒಣಗಿದ ಮೇಲೆ ದಪ್ಪ ಕಾಗದಕ್ಕೆ ಅಂಟಿಸಿ, ಊರು, ಸ್ಥಳ, ದಿನಾಂಕ, ಹೆಸರುಗಳನ್ನು ಬರೆಯಿರಿ. ಕೊಂಬೆಯೊಂದನ್ನು ಕೆಳಮೊಗವಾಗಿ ಅಂಟಿಸಿದರೆ ಕಾಯಿಗಳು ಕಾಣುವುವು.

೩. ಬೀಜಗಳನ್ನು ಭೂತಕನ್ನಡಿಯಲ್ಲಿ ನೋಡಿ, ಕಂಡಂತೆಯೇ ದೊಡ್ಡದಾಗಿ ಚಿತ್ರ ಬರೆಯಿರಿ.

ಗಿಂಡಿಯ ರಾಷ್ಟ್ರೀಯ ಉದ್ಯಾನದಂತಹ ಸಂರಕ್ಷಿತ ಸ್ಥಳಗಳಲ್ಲಿ ಗಿಡಗಳನ್ನು ಕೀಳಬಾರದು. ಅಲ್ಲಿ ನೋಡಿ ಬರೆದುಕೊಂಡರೆ ಸಾಕು. ಕಿರುನೆಲ್ಲಿಯನ್ನು ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಿಮ್ಮ ಮನೆಯ ಕಾಂಪೌಂಡಿನ ಬುಡದಲ್ಲಿ ಅದು ಈಗಾಗಲೇ ಬೆಳೆದಿರಬಹುದು. ಅದನ್ನು ಕಿತ್ತೆಸೆಯುವ ಮೊದಲು ಒಮ್ಮೆ ಕೊಂಬೆಯನ್ನೆತ್ತಿ ಕೆಳಗಡೆ ನೋಡಿರಿ. ಕಾಯಿಗೆ ತೊಟ್ಟು ಇದೆಯೇ ಇಲ್ಲವೇ ಎಂಬುದನ್ನು ತಿಳಿದುಕೊಂಡು ಆಮೇಲೆ ಮುಂದಿನ ಕೆಲಸಕ್ಕೆ ಹೋಗಿರಿ.